ಹಾಳೆ ತಟ್ಟೆಯ ಸಣ್ಣ ದೋಷ ಹಿಡಿಯಲು ಕ್ಯಾಮೆರಾ: ಯಾವ ವಿಧಾನ ಆರಿಸಿಕೊಳ್ಳಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕಗಳಲ್ಲಿ ಕೊನೆಯ ಕೆಲಸ ಕಣ್ಣಿನದು. ತಟ್ಟೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಓರೆ ಹಿಡಿಯುತ್ತಾರೆ. ಸೀಳು ಬಿಟ್ಟಿದೆಯಾ, ಬೂಷ್ಟು ಹತ್ತಿದೆಯಾ, ಅಚ್ಚಿನ ಬಿಸಿಗೆ ಕರಕಾಗಿದೆಯಾ ಎಂದು ನೋಡಿ ಬೇರೆ ಮಾಡುತ್ತಾರೆ. ಪಳಗಿದವರಿಗೆ ಇದು ಕ್ಷಣದ ಕೆಲಸ. ಆದರೆ ಸಂಜೆ ಹೊತ್ತಿಗೆ ಕಣ್ಣು ಸೋಲುತ್ತದೆ, ಆ ಕೆಲಸಕ್ಕೆ ಜನ ಸಿಗುವುದೂ ಕಷ್ಟ. ಹಾಗಾಗಿ ಒಂದು ಕ್ಯಾಮೆರಾ ಕೂರಿಸಿದರೆ ಆಗುವುದಿಲ್ಲವಾ ಎಂಬ ಮಾತು ಬರುತ್ತದೆ.

ಆಗುತ್ತದೆ. ಆದರೆ ಹಾಳೆ ತಟ್ಟೆ ಸ್ಟೀಲ್ ಶೀಟ್ ಅಲ್ಲ. ಸ್ಟೀಲಿನ ಒಳ್ಳೆಯ ಮೇಲ್ಮೈ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಡುವೆ ಏನಾದರೂ ಬೇರೆ ಕಂಡರೆ ಅದೇ ದೋಷ. ಹಾಳೆಯಲ್ಲಿ ನಾರಿನ ಗೆರೆ ಇದೆ, ಕಂದು ಮಚ್ಚೆ ಇದೆ, ಒಂದು ಬದಿ ತಿಳಿ, ಇನ್ನೊಂದು ಬದಿ ಗಾಢ. ಎರಡು ತಟ್ಟೆ ಒಂದೇ ಥರ ಇರುವುದಿಲ್ಲ. ಇದೆಲ್ಲ ದೋಷ ಅಲ್ಲ, ಹಾಳೆಯ ಗುಣ. ಇಷ್ಟೆಲ್ಲ ಗದ್ದಲದ ನಡುವೆ ಕೂದಲೆಳೆಯಷ್ಟು ಸೀಳನ್ನು ಹುಡುಕಬೇಕು. ಒಂದೊಂದು ಪಿಕ್ಸೆಲ್ಲಿನ ಬಣ್ಣ ನೋಡಿದರೆ ಸಾಲದು. ಅಕ್ಕಪಕ್ಕದ ಪಿಕ್ಸೆಲ್‌ಗಳು ಹೇಗೆ ಜೋಡಿಕೊಂಡಿವೆ, ಅಂದರೆ ಟೆಕ್ಸ್ಚರ್ ಹೇಗಿದೆ ಎಂದು ನೋಡಬೇಕಾಗುತ್ತದೆ.

ಅದಕ್ಕೆ ದಾರಿಗಳು ಹಲವು. ಸಣ್ಣ ಘಟಕಕ್ಕೂ ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೂ ಕೈಗೆಟುಕುವ ನಾಲ್ಕನ್ನು ಇಲ್ಲಿ ಹೋಲಿಸಿದ್ದೇನೆ: ಜಿಎಲ್‌ಸಿಎಂ (ಗ್ರೇ ಲೆವೆಲ್ ಕೋ-ಆಕರೆನ್ಸ್ ಮ್ಯಾಟ್ರಿಕ್ಸ್), ಎಲ್‌ಬಿಪಿ (ಲೋಕಲ್ ಬೈನರಿ ಪ್ಯಾಟರ್ನ್), ಗೇಬರ್ ಫಿಲ್ಟರ್, ಮತ್ತು ಪ್ಯಾಚ್‌ಕೋರ್ ಥರದ ಡೀಪ್ ಲರ್ನಿಂಗ್, ಅಂದರೆ ಚಿತ್ರ ತೋರಿಸಿ ಕಂಪ್ಯೂಟರಿಗೆ ಕಲಿಸುವ ಬಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳತು, ಹೊಸತು ಎಂದು ನೋಡಿ ಆರಿಸಬೇಡಿ. ದೋಷ ಬಂದ ಜಾಗದಲ್ಲಿ ನಾರಿನ ಗೆರೆಗೆ ಏನಾಗಿದೆ, ದೋಷ ಎಷ್ಟು ಅಗಲ ಇದೆ, ಇವೆರಡನ್ನು ನೋಡಿ ಆರಿಸಿ.

ಮೊದಲು ಬೆಳಕು, ಆಮೇಲೆ ಲೆಕ್ಕ

ತಟ್ಟೆ ಆರಿಸುವವರು ಅದನ್ನು ಸುಮ್ನೆ ಓರೆ ಹಿಡಿಯುವುದಿಲ್ಲ. ಬೆಳಕು ನೇರ ಮೇಲಿನಿಂದ ಬಿದ್ದರೆ ಸೀಳಿಗೆ ನೆರಳೇ ಇರುವುದಿಲ್ಲ. ತೀರಾ ಓರೆಯಾಗಿ, ಮೇಲ್ಮೈಗೆ ತಾಗಿದಂತೆ ಬಿದ್ದರೆ ಸಣ್ಣ ಏರುತಗ್ಗಿಗೂ ನೆರಳು ಹುಟ್ಟುತ್ತದೆ. ಕ್ಯಾಮೆರಾಕ್ಕೂ ಇದೇ ಬೇಕು.

ಹಾಳೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಓರೆ ಬೆಳಕು ನಾರಿನ ಉದ್ದಕ್ಕೆ ಬಂದರೆ ನಾರಿನ ಗೆರೆಗಳು ಮಂಕಾಗುತ್ತವೆ. ಅಡ್ಡ ಮಡಿಕೆ, ಬೂಷ್ಟಿನ ಉಬ್ಬು ಎದ್ದು ಕಾಣುತ್ತವೆ. ಬೆಳಕು ನಾರಿಗೆ ಅಡ್ಡವಾಗಿ ಬಂದರೆ ನಾರಿನುದ್ದದ ಸೀಳು ಕಾಣುತ್ತದೆ, ಆದರೆ ಅದರ ಜೊತೆ ನಾರೆಲ್ಲ ಎದ್ದು ನಿಲ್ಲುತ್ತದೆ. ಹಾಗಾಗಿ ಒಂದೇ ಚಿತ್ರ ಸಾಲದು. ನಾರಿನ ಉದ್ದಕ್ಕೊಂದು, ಅಡ್ಡಕ್ಕೊಂದು ಎಲ್‌ಇಡಿ ಪಟ್ಟಿ ಇಟ್ಟು, ಒಂದಾದ ಮೇಲೆ ಒಂದು ಹೊತ್ತಿಸಿ ಎರಡು ಚಿತ್ರ ತೆಗೆಯುವುದು ಒಳ್ಳೆಯದು. ಸಣ್ಣ ತೂತಿನ ತೊಂದರೆ ಇದ್ದರೆ ಕೆಳಗಿನಿಂದ ಬೆಳಕು ಬಿಟ್ಟು ಮೂರನೆಯದನ್ನು ತೆಗೆಯಿರಿ. ತೂತಿಗೆ ಟೆಕ್ಸ್ಚರ್ ಲೆಕ್ಕವೇ ಬೇಡ, ಹೊಳೆಯುವ ಚುಕ್ಕಿ ಎಣಿಸಿದರಾಯಿತು.

ಕರೆಂಟಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್. ನೇರ ಮೇನ್ಸಿಗೆ ಹಾಕಿದ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಮಸುಕು. ಕೆಲವೊಮ್ಮೆ ಚಿತ್ರದಲ್ಲೇ ಪಟ್ಟೆ ಬರುತ್ತದೆ. ಶಟರ್ 1/100 ಅಥವಾ 1/50ಕ್ಕೆ ಇಡಿ. ಇಲ್ಲವೇ 12 ವೋಲ್ಟಿನ ಒಳ್ಳೆಯ ಅಡಾಪ್ಟರಿನಿಂದ ಎಲ್‌ಇಡಿ ನಡೆಸಿ. ಮೊಬೈಲ್ ಬಳಸುವುದಾದರೆ ಆಟೋ ಎಕ್ಸ್‌ಪೋಶರ್, ಎಚ್‌ಡಿಆರ್, ಬ್ಯೂಟಿ ಎಲ್ಲ ಆಫ್ ಮಾಡಿ. ಫೋನು ಚಿತ್ರವನ್ನು ಚಂದ ಮಾಡಲು ಹೋಗಿ ನಮಗೆ ಬೇಕಾದ ಒರಟನ್ನೇ ಒರೆಸಿ ಹಾಕುತ್ತದೆ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಜಾಸ್ತಿ ಕುಗ್ಗಿಸಿದರೆ ಆ ಚೌಕದ ಅಂಚುಗಳೇ ಟೆಕ್ಸ್ಚರ್ ಆಗಿ ಕುಳಿತುಬಿಡುತ್ತವೆ. ಆದಷ್ಟು ರಾ ಅಥವಾ ಪಿಎನ್‌ಜಿ ಇರಲಿ.

ಇನ್ನು ಅಳತೆ. ಹತ್ತು ಇಂಚಿನ ತಟ್ಟೆ ಎಂದರೆ ಸುಮಾರು 250 ಮಿಲಿಮೀಟರ್. 12 ಮೆಗಾಪಿಕ್ಸೆಲ್ ಚಿತ್ರ ಸಾಮಾನ್ಯವಾಗಿ 4000 ಅಗಲ, 3000 ಎತ್ತರ. ದುಂಡು ತಟ್ಟೆ ಪೂರ್ತಿ ಬರಬೇಕಾದರೆ 3000ದ ಬದಿಯಲ್ಲಿ ಹಿಡಿಸಬೇಕು, ಅಂದರೆ ಮಿಲಿಮೀಟರಿಗೆ 12 ಪಿಕ್ಸೆಲ್. 0.2 ಮಿಲಿಮೀಟರ್ ಅಗಲದ ಸೀಳಿಗೆ 2.4 ಪಿಕ್ಸೆಲ್ ಸಿಕ್ಕಿತು. ದೋಷಕ್ಕೆ ಕನಿಷ್ಠ ಮೂರು ಪಿಕ್ಸೆಲ್ ಅಗಲ ಇರಲಿ ಎನ್ನುವುದು ರೂಢಿಯ ಲೆಕ್ಕ. ಅದರ ಪ್ರಕಾರ ಇದು ಸ್ವಲ್ಪ ಕಡಿಮೆಯೇ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಡೀಪ್ ಲರ್ನಿಂಗ್ ಹತ್ತಿರ ಹೋದಾಗ ಮತ್ತೆ ಬೇಕು.

ಕರಕು ಕಲೆಗೆ ಇವ್ಯಾವುದೂ ಬೇಡ

ಅಚ್ಚು ಜಾಸ್ತಿ ಕಾದು ತಟ್ಟೆ ಕರಕಾದರೆ ನಾರಿನ ಗೆರೆ ಹಾಗೇ ಇರುತ್ತದೆ, ಬಣ್ಣ ಮಾತ್ರ ಕಪ್ಪಾಗಿರುತ್ತದೆ. ಇದಕ್ಕೆ ಎಲ್ಲಾ ಕಡೆಯಿಂದ ಸಮನಾಗಿ ಬೀಳುವ ಬೆಳಕಿನಲ್ಲಿ ಚಿತ್ರ ತೆಗೆದು, ಚೆನ್ನಾಗಿ ಮಸುಕು ಮಾಡಿದ ಪ್ರತಿಯನ್ನು ಒಳ್ಳೆಯ ತಟ್ಟೆಗಳ ಸರಾಸರಿ ಬಣ್ಣದ ಜೊತೆ ಹೋಲಿಸಿದರೆ ಸಾಕು. ಓಪನ್‌ಸಿವಿ ಎಂಬ ಉಚಿತ ಲೈಬ್ರರಿಯಲ್ಲಿ ಹತ್ತು ಸಾಲು ಕೋಡಿನ ಕೆಲಸ. ಇದನ್ನು ಮಾಡದೆ ಸೀದಾ ದೊಡ್ಡ ಮಾಡೆಲ್ಲಿಗೆ ಕೈ ಹಾಕುವವರು ಜಾಸ್ತಿ.

ಜಿಎಲ್‌ಸಿಎಂ: ಜೋಡಿ ಎಣಿಸುವ ಹಳೆಯ ಲೆಕ್ಕ

1973ರಲ್ಲಿ ಹರಾಲಿಕ್, ಶಣ್ಮುಗಂ ಮತ್ತು ಡಿನ್‌ಸ್ಟೈನ್ ಸೇರಿ ಕೊಟ್ಟ ವಿಧಾನ ಇದು. ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಅದರಿಂದ ಇಷ್ಟು ದೂರದಲ್ಲಿ, ಈ ದಿಕ್ಕಿನಲ್ಲಿ ಇರುವ ಪಿಕ್ಸೆಲ್ ಯಾವ ಬೂದು ಮಟ್ಟದ್ದು (ಕಪ್ಪಿನಿಂದ ಬಿಳಿಯವರೆಗೆ ಎಷ್ಟನೆಯದು) ಎಂದು ನೋಡಿ, ಆ ಜೋಡಿಯನ್ನು ಕೋಷ್ಟಕದಲ್ಲಿ ಗುರುತು ಹಾಕಿ. ಚಿತ್ರ ಪೂರ್ತಿ ಹೀಗೆ ಎಣಿಸಿದ ಮೇಲೆ ಆ ಕೋಷ್ಟಕದಿಂದ ಕಾಂಟ್ರಾಸ್ಟ್ (ಜೋಡಿಯ ಎರಡು ಪಿಕ್ಸೆಲ್ ಎಷ್ಟು ಬೇರೆ), ಏಕರೂಪತೆ, ಕೋರಿಲೇಶನ್, ಎಂಟ್ರೊಪಿ ಎಂಬ ಕೆಲವು ಅಂಕಿ ತೆಗೆಯುತ್ತಾರೆ. ಮೂಲದಲ್ಲಿ 14 ಇದ್ದವು, ಬಳಕೆಯಲ್ಲಿ ನಾಲ್ಕೈದು ಸಾಕು.

ಇದರ ದೊಡ್ಡ ಲಾಭ ದಿಕ್ಕು. 0, 45, 90, 135 ಡಿಗ್ರಿ ಎಂದು ನಾಲ್ಕು ದಿಕ್ಕಿಗೆ ಬೇರೆ ಬೇರೆ ಕೋಷ್ಟಕ ಬರುತ್ತದೆ. ಬಹಳಷ್ಟು ಮಾದರಿ ಕೋಡುಗಳು ಈ ನಾಲ್ಕನ್ನೂ ಕೂಡಿಸಿ ಸರಾಸರಿ ಮಾಡಿಬಿಡುತ್ತವೆ. ಮರಳಿನಂಥ ಮೇಲ್ಮೈಗೆ ಅದು ಸರಿ. ಹಾಳೆಗೆ ಅದು ಕೈಯಲ್ಲಿದ್ದ ಮಾಹಿತಿಯನ್ನೇ ಬಿಸಾಡಿದ ಹಾಗೆ. ಒಳ್ಳೆಯ ಹಾಳೆಯಲ್ಲಿ ನಾರಿನ ಉದ್ದಕ್ಕೆ ಕಾಂಟ್ರಾಸ್ಟ್ ಕಡಿಮೆ, ಅಡ್ಡಕ್ಕೆ ಜಾಸ್ತಿ. ಬೂಷ್ಟು ಹಿಡಿದ ಕಡೆ ಈ ವ್ಯತ್ಯಾಸ ಕುಗ್ಗುತ್ತದೆ, ಯಾಕೆಂದರೆ ಬೂಷ್ಟಿಗೆ ದಿಕ್ಕಿಲ್ಲ. ಅಡ್ಡ ಮಡಿಕೆ ಬಿದ್ದ ಕಡೆ ಉದ್ದದ ಕಾಂಟ್ರಾಸ್ಟ್ ತಟ್ಟನೆ ಏರುತ್ತದೆ. ಎರಡು ಅಂಕಿಯ ಅನುಪಾತ ನೋಡಿದರೇ ಅರ್ಧ ಕೆಲಸ ಆಯಿತು. ತಟ್ಟೆಯನ್ನು ಕ್ಯಾಮೆರಾದ ಕೆಳಗೆ ಹೇಗೆಂದರೆ ಹಾಗೆ ಇಟ್ಟರೆ ಮಾತ್ರ ಇದು ಕೆಡುತ್ತದೆ. ಮೊದಲು ನಾರಿನ ದಿಕ್ಕು ಕಂಡುಹಿಡಿದು ಚಿತ್ರವನ್ನು ತಿರುಗಿಸಿಕೊಳ್ಳಬೇಕು.

ನಾರಿನುದ್ದದ ಸೀಳು ಇದರಲ್ಲೂ ಕಷ್ಟವೇ. ಹಾಳೆ ಸೀಳುವುದೇ ನಾರಿನ ಗುಂಟ. ಕ್ಯಾಮೆರಾಕ್ಕೆ ಆ ಸೀಳು ಇನ್ನೊಂದು ನಾರಿನ ಗೆರೆಯ ಹಾಗೇ ಕಾಣುತ್ತದೆ. ಬೇರೆ ಮಾಡುವುದು ಎರಡೇ ಗುಣ: ಅದು ಗೆರೆಗಿಂತ ಕಪ್ಪು, ಮತ್ತು ಅಡ್ಡಲಾಗಿ ಅಳೆದರೆ ಗೆರೆಗಿಂತ ಅಗಲ. ಹಾಗಾಗಿ ಒಂದು ಪಿಕ್ಸೆಲ್ ದೂರದ ಜೋಡಿ ಮಾತ್ರ ಎಣಿಸದೆ, ಎರಡು, ನಾಲ್ಕು ಪಿಕ್ಸೆಲ್ ದೂರದ್ದನ್ನೂ ಎಣಿಸಿ.

ಇನ್ನೊಂದು ಎಚ್ಚರಿಕೆ. ಬೂದು ಮಟ್ಟ 256 ಹಾಗೇ ಇಟ್ಟರೆ ಕೋಷ್ಟಕದಲ್ಲಿ 65,536 ಮನೆ. 64ಕ್ಕೆ 64 ಪಿಕ್ಸೆಲ್ಲಿನ ತುಂಡಿನಲ್ಲಿ ಪಕ್ಕದ ಜೋಡಿ ಸಿಗುವುದು 4,032 ಮಾತ್ರ. ಮುಕ್ಕಾಲುಪಾಲು ಮನೆ ಖಾಲಿ ಉಳಿದು ಅಂಕಿಗಳು ಕುಣಿಯುತ್ತವೆ. 16 ಮಟ್ಟಕ್ಕೆ ಇಳಿಸಿದರೆ ಮನೆ 256 ಆಗುತ್ತದೆ, ಲೆಕ್ಕ ನಿಲ್ಲುತ್ತದೆ. ತೀರಾ 8ಕ್ಕೆ ಇಳಿಸಿದರೆ ತಿಳಿ ದೋಷವೇ ಮಾಯ.

ಎಲ್‌ಬಿಪಿ: ಬೆಳಕು ಬದಲಾದರೂ ಹೆದರದು, ಕಲೆಗೆ ಮಾತ್ರ ಕುರುಡು

ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ತಂದ ವಿಧಾನ. ನಡುವಿನ ಪಿಕ್ಸೆಲ್ಲಿಗಿಂತ ಸುತ್ತಲಿನ ಎಂಟರಲ್ಲಿ ಯಾವುದು ತಿಳಿ, ಯಾವುದು ಗಾಢ ಎಂದು ನೋಡಿ ಒಂದು, ಸೊನ್ನೆ ಬರೆಯುವುದು. ಎಂಟು ಅಂಕಿ ಸೇರಿ 256 ಥರದ ಸಂಕೇತ. ಚಿತ್ರದ ತುಂಡಿನಲ್ಲಿ ಯಾವ ಸಂಕೇತ ಎಷ್ಟು ಸಲ ಬಂತು ಎನ್ನುವ ಹಿಸ್ಟೋಗ್ರಾಮ್ ಅದರ ಗುರುತು. ಇವುಗಳಲ್ಲಿ ನಯವಾದ 58ನ್ನು ಉಳಿಸಿಕೊಂಡು ಮಿಕ್ಕದ್ದೆಲ್ಲ ಒಂದೇ ಗುಂಪಿಗೆ ಹಾಕುವುದು ರೂಢಿ. ಆಗ 59 ಅಂಕಿ ಬರುತ್ತದೆ.

ತುಂಬಾ ವೇಗ. ರಾಸ್‌ಬೆರಿ ಪೈ ಥರದ ಪುಟ್ಟ ಯಂತ್ರದಲ್ಲೂ ನಡೆಯುತ್ತದೆ. ಬಲ್ಬು ಹಳತಾಗಿ ಮಂಕಾದರೂ, ತಟ್ಟೆಯ ಅಂಚಿನ ಕಡೆ ನೆರಳು ಬಿದ್ದರೂ ಉತ್ತರ ಅಷ್ಟಾಗಿ ಬದಲಾಗುವುದಿಲ್ಲ, ಯಾಕೆಂದರೆ ಅದು ಕೇಳುವುದು ಯಾವುದು ಹೆಚ್ಚು ಎಂದಷ್ಟೇ, ಎಷ್ಟು ಹೆಚ್ಚು ಎಂದಲ್ಲ. ಹಗಲು ವೋಲ್ಟೇಜ್ ಒಂದು, ಸಂಜೆ ಇನ್ನೊಂದು ಇರುವ ಕಡೆ ಇದು ದೊಡ್ಡ ಅನುಕೂಲ.

ಅದೇ ಗುಣ ಇನ್ನೊಂದು ಕಡೆ ದೌರ್ಬಲ್ಯ. 120 ಮತ್ತು 121ರ ನಡುವಿನ ವ್ಯತ್ಯಾಸವೂ, 20 ಮತ್ತು 200ರ ನಡುವಿನ ವ್ಯತ್ಯಾಸವೂ ಅದಕ್ಕೆ ಒಂದೇ. ಮೆಲ್ಲಗೆ ಹರಡಿದ ಕರಕು ಕಲೆ ಅದಕ್ಕೆ ಕಾಣುವುದೇ ಇಲ್ಲ. ನಯವಾದ ತಿಳಿ ಜಾಗದಲ್ಲಿ ಕ್ಯಾಮೆರಾದ ಸದ್ದೇ, ಅಂದರೆ ನಾಯ್ಸೇ, ಟೆಕ್ಸ್ಚರ್ ಎಂದುಕೊಳ್ಳುತ್ತದೆ. ಆದರೆ ಬೂಷ್ಟು ಹಿಡಿಯುವುದರಲ್ಲಿ ಇದು ಗಟ್ಟಿ. ಬೂಷ್ಟು ಇನ್ನೂ ಬಣ್ಣ ಬಿಟ್ಟಿಲ್ಲ, ಬರೀ ಪುಡಿ ಪುಡಿಯಾಗಿ ನಾರಿನ ಗೆರೆಯನ್ನು ಕದಡಿದೆ ಅಂತಿಟ್ಟುಕೊಳ್ಳಿ. ಅಂಥ ಹೊತ್ತಿನಲ್ಲಿ ಬಣ್ಣ ನೋಡುವ ವಿಧಾನ ಸೋಲುತ್ತದೆ, ಎಲ್‌ಬಿಪಿ ಹಿಸ್ಟೋಗ್ರಾಮ್ ಬದಲಾಗುತ್ತದೆ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಎಲ್‌ಬಿಪಿಯಲ್ಲಿ ಚಿತ್ರ ಎತ್ತ ತಿರುಗಿದರೂ ಒಂದೇ ಉತ್ತರ ಕೊಡುವ ಬಗೆ ಇದೆ, ಬರೀ 10 ಅಂಕಿ. ತಟ್ಟೆ ಹೇಗಿಟ್ಟರೂ ನಡೆಯುತ್ತದಲ್ವಾ ಎನಿಸುತ್ತದೆ. ನಡೆಯುತ್ತದೆ, ಆದರೆ ನಾರಿಗೆ ಅಡ್ಡ ಬಂದ ಮಡಿಕೆಯೂ ನಾರಿನ ಗೆರೆಯೂ ಅದಕ್ಕೆ ಒಂದೇ. ಹಾಳೆಯಲ್ಲಿ ಎಷ್ಟೋ ಸಲ ದಿಕ್ಕು ತಪ್ಪಿದ್ದೇ ದೋಷ. ತಿರುಗಿಸಿ ಸರಿ ಮಾಡಿಕೊಂಡು 59 ಅಂಕಿಯದನ್ನೇ ಬಳಸುವುದು ಮೇಲು.

ಎರಡರಲ್ಲಿ ಒಂದೇ ಎಂದರೆ ನಾನು ಸೀಳು, ಮಡಿಕೆ ಜಾಸ್ತಿ ಇರುವ ಘಟಕಕ್ಕೆ ಜಿಎಲ್‌ಸಿಎಂ, ಮಳೆಗಾಲದ ಬೂಷ್ಟಿನ ಕಾಟ ಜಾಸ್ತಿ ಇರುವ ಘಟಕಕ್ಕೆ ಎಲ್‌ಬಿಪಿ ಹೇಳುತ್ತೇನೆ. ಆದರೆ ಒಂದೇ ಯಾಕೆ? ಎರಡರ ಅಂಕಿಗಳನ್ನೂ ಒಟ್ಟಿಗೆ ಇಟ್ಟು ಒಂದು ರ‍್ಯಾಂಡಮ್ ಫಾರೆಸ್ಟಿಗೆ, ಅಂದರೆ ಉದಾಹರಣೆ ನೋಡಿ ಕಲಿತು ಒಳ್ಳೆಯದು, ಕೆಟ್ಟದ್ದು ಬೇರೆ ಮಾಡುವ ಪ್ರೋಗ್ರಾಮಿಗೆ, ಕೊಡಬಹುದು. ಒಂದು ಎಷ್ಟು ವ್ಯತ್ಯಾಸ ಎನ್ನುತ್ತದೆ, ಇನ್ನೊಂದು ಯಾವ ಆಕಾರದ ವ್ಯತ್ಯಾಸ ಎನ್ನುತ್ತದೆ. ಸೈಕಿಟ್-ಇಮೇಜ್ ಎಂಬ ಉಚಿತ ಪೈಥಾನ್ ಲೈಬ್ರರಿಯಲ್ಲಿ ಎರಡೂ ಸಿದ್ಧ ಇವೆ.

ಗೇಬರ್ ಫಿಲ್ಟರ್

ದಿಕ್ಕು ಮತ್ತು ದಪ್ಪ ಎರಡನ್ನೂ ಒಟ್ಟಿಗೆ ಹುಡುಕುವ ಜರಡಿ ಇದು. ಈ ಕೋನದಲ್ಲಿ, ಇಷ್ಟು ಅಗಲದ ಗೆರೆಗಳು ಎಲ್ಲಿವೆ ಎಂದು ಕೇಳಿದರೆ ತೋರಿಸುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ದಿಕ್ಕು, ಮೂರರಿಂದ ಐದು ಅಗಲ ಎಂದು ಒಂದು ಗುಚ್ಛ ಮಾಡಿಕೊಳ್ಳುತ್ತಾರೆ. ಎಂಟು ದಿಕ್ಕಿಗೆ ಐದು ಅಗಲ ಎಂದರೆ 40 ಸಲ ಚಿತ್ರ ಜಾಲಿಸಬೇಕು. 12 ಮೆಗಾಪಿಕ್ಸೆಲ್ಲಿಗೆ ಅದು ಭಾರ.

ನಾರಿನ ದಿಕ್ಕು ಕಂಡುಹಿಡಿಯಲು ಇದರಷ್ಟು ಸಲೀಸು ಬೇರೆ ಇಲ್ಲ. ಯಾವ ಕೋನಕ್ಕೆ ಉತ್ತರ ಜೋರಾಗಿ ಬಂತೋ ಅದೇ ನಾರಿನ ದಿಕ್ಕು. ಚಿತ್ರವನ್ನು ಚಿಕ್ಕದು ಮಾಡಿ ಇಷ್ಟಕ್ಕೆ ಮಾತ್ರ ಗೇಬರ್ ಬಳಸಿ, ಮುಂದಿನ ಕೆಲಸ ಜಿಎಲ್‌ಸಿಎಂಗೆ ಬಿಡುವುದು ನನಗೆ ಇಷ್ಟವಾದ ಜೋಡಿ. ಇದರ ಅಣ್ಣನಂತಿರುವ ಫೋರಿಯರ್ ವಿಧಾನ ಮಗ್ಗದ ಬಟ್ಟೆ, ಹೆಣೆದ ಚಾಪೆಯಂಥ ಲಯ ತಪ್ಪದ ಮೇಲ್ಮೈಗೆ. ಹಾಳೆಯ ನಾರಿಗೆ ಅಷ್ಟು ಶಿಸ್ತಿಲ್ಲ.

ಡೀಪ್ ಲರ್ನಿಂಗ್: ಒಳ್ಳೆಯದನ್ನು ಮಾತ್ರ ಕಲಿಸುವ ಬಗೆ

ಸೀಳು, ಬೂಷ್ಟು, ಕರಕು ಎಂದು ಸಾವಿರಗಟ್ಟಲೆ ಚಿತ್ರಕ್ಕೆ ಗುರುತು ಹಾಕಿ ಕಲಿಸುವ ಯೋಲೋ ಥರದ ದಾರಿ ಒಂದು. ಸಣ್ಣ ಘಟಕಕ್ಕೆ ಅಷ್ಟು ಕೆಟ್ಟ ತಟ್ಟೆ ಸೇರಿಸುವುದೇ ದೊಡ್ಡ ಕೆಲಸ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನೊಂದು ದಾರಿ ಒಳ್ಳೆಯ ತಟ್ಟೆ ಮಾತ್ರ ತೋರಿಸುವುದು. 2021ರಲ್ಲಿ ಬಂದ ಪ್ಯಾಚ್‌ಕೋರ್ ಇದರಲ್ಲಿ ಹೆಸರಾದದ್ದು. ಇಮೇಜ್‌ನೆಟ್ ಎಂಬ ದೊಡ್ಡ ಸಂಗ್ರಹದ ಚಿತ್ರಗಳಿಂದ ಮೊದಲೇ ಕಲಿತ ನೆಟ್‌ವರ್ಕಿನಿಂದ ಒಳ್ಳೆಯ ತಟ್ಟೆಯ ಪ್ರತಿ ತುಂಡಿನ ಗುರುತು ತೆಗೆದು, ಅದರಲ್ಲಿ ಆಯ್ದವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹೊಸ ತಟ್ಟೆ ಬಂದಾಗ ಅದರ ಪ್ರತಿ ತುಂಡಿಗೆ ನೆನಪಿನಲ್ಲಿರುವ ಅತಿ ಹತ್ತಿರದ ತುಂಡು ಎಷ್ಟು ದೂರ ಎಂದು ಅಳೆಯುತ್ತದೆ. ದೂರ ಜಾಸ್ತಿ ಇದ್ದರೆ ಇದನ್ನು ನಾನು ಕಂಡಿಲ್ಲ ಎಂದರ್ಥ. ನೀವು ಊಹಿಸದ ದೋಷವನ್ನೂ ಹಿಡಿಯುವುದು ಇದರ ಬಲ. ಅನೋಮಲಿಬ್ ಎಂಬ ಮುಕ್ತ ಲೈಬ್ರರಿಯಲ್ಲಿ ಪ್ಯಾಚ್‌ಕೋರ್, ಅದೇ ಬಗೆಯ ಪಾಡಿಮ್ ಎರಡೂ ಸಿಗುತ್ತವೆ.

2019ರ ಎಂವಿಟೆಕ್ ಎಡಿ ಎಂಬ ಚಿತ್ರಸಂಗ್ರಹದ ಮೇಲೆ ಪ್ಯಾಚ್‌ಕೋರ್ ನೂರಕ್ಕೆ 99.6ರವರೆಗೆ ಅಂಕ ಪಡೆದಿದೆ. ಅದರ 15 ವಿಭಾಗಗಳಲ್ಲಿ ಮರ, ಚರ್ಮ, ಕಾರ್ಪೆಟ್ ಸೇರಿ ಐದು ಟೆಕ್ಸ್ಚರಿನವು. ಈ ಅಂಕ ನೋಡಿ ಹಿಗ್ಗಬೇಡಿ. ಅಲ್ಲಿನ ಬೆಳಕು ಅಚ್ಚುಕಟ್ಟು. ನಿಮ್ಮ ಶೆಡ್ಡಿನಲ್ಲಿ ಹಾಗಿರುವುದಿಲ್ಲ. ಆ ಚಿತ್ರಗಳನ್ನು ವ್ಯಾಪಾರಕ್ಕೆ ಬಳಸಲು ಪರವಾನಗಿಯೂ ಇಲ್ಲ, ಕಲಿಯಲು ಮಾತ್ರ.

ನಿಜವಾದ ಬಲೆ ಬೇರೆ ಕಡೆ ಇದೆ. ಇಂಥ ಮಾಡೆಲ್‌ಗಳು ಚಿತ್ರವನ್ನು ಒಳಗೆ ತೆಗೆದುಕೊಳ್ಳುವಾಗ 256 ಅಥವಾ 224 ಪಿಕ್ಸೆಲ್ಲಿಗೆ ಕುಗ್ಗಿಸುವುದು ಮಾಮೂಲು. 250 ಮಿಲಿಮೀಟರ್ ತಟ್ಟೆ 256 ಪಿಕ್ಸೆಲ್ ಆದರೆ ಮಿಲಿಮೀಟರಿಗೆ ಒಂದೇ ಪಿಕ್ಸೆಲ್. 2.4 ಪಿಕ್ಸೆಲ್ ಇದ್ದ ಸೀಳು ಈಗ ಪಿಕ್ಸೆಲ್ಲಿನ ಐದನೇ ಒಂದು ಭಾಗ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಬೆಳಕು ಎಲ್ಲ ನೀರುಪಾಲು. ಮಾಡೆಲ್ ದೊಡ್ಡ ಬೂಷ್ಟನ್ನು ಚೆನ್ನಾಗಿ ಹಿಡಿಯುತ್ತದೆ, ಸೀಳನ್ನು ಬಿಟ್ಟೇ ಬಿಡುತ್ತದೆ, ಮತ್ತು ಒಟ್ಟು ಅಂಕ ಚೆನ್ನಾಗಿಯೇ ಕಾಣುತ್ತದೆ! ಇದಕ್ಕೆ ಮದ್ದು ತಟ್ಟೆಯನ್ನು ಪೂರ್ತಿ ಗಾತ್ರದಲ್ಲೇ 256ರ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ಕೊಡುವುದು. ಆಗ ಒಂದು ತಟ್ಟೆಗೆ ನೂರಕ್ಕೂ ಜಾಸ್ತಿ ತುಂಡು. ಜಿಪಿಯು (ಇಂಥ ಲೆಕ್ಕ ವೇಗವಾಗಿ ಮಾಡುವ ಗ್ರಾಫಿಕ್ಸ್ ಚಿಪ್ಪು) ಇಲ್ಲದ ಕಂಪ್ಯೂಟರಿನಲ್ಲಿ ತಟ್ಟೆ ಒತ್ತುವ ವೇಗಕ್ಕೆ ಇದು ಕುಂಟುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಗೇ ಸೇರಿದ್ದು. ಬೇಸಿಗೆಯ ಒಣ ಹಾಳೆಯ ತಟ್ಟೆ ತೋರಿಸಿ ಕಲಿಸಿದರೆ, ಜೂನ್ ದಾಟಿದ ಮೇಲೆ ತೇವ ಹಿಡಿದು ಗಾಢವಾದ ಒಳ್ಳೆಯ ತಟ್ಟೆಯನ್ನೂ ಅದು ಕಂಡಿಲ್ಲ ಎನ್ನುತ್ತದೆ. ಘಟ್ಟದ ಮೇಲಿನ ಹಾಳೆ, ಕುಮಟಾ, ಹೊನ್ನಾವರ ಕಡೆಯ ಹಾಳೆ ಎರಡನ್ನೂ ತರಿಸುವವರು ಎರಡನ್ನೂ ತೋರಿಸಿ. ಒಳ್ಳೆಯದರ ರಾಶಿಯಲ್ಲಿ ಬೂಷ್ಟಿನ ತಟ್ಟೆ ಸೇರಿಹೋದರೆ ಬೂಷ್ಟೂ ಒಳ್ಳೆಯದೇ ಆಗಿಬಿಡುತ್ತದೆ. ಆ ರಾಶಿ ಆರಿಸುವುದಕ್ಕೆ ಘಟಕದಲ್ಲಿ ಕಣ್ಣು ಪಳಗಿದವರನ್ನೇ ಕೂರಿಸಿ, ಕಂಪ್ಯೂಟರ್ ಗೊತ್ತಿರುವವರನ್ನಲ್ಲ.

ಯಾವುದು ಗೆದ್ದಿತು ಎಂದು ಹೇಗೆ ನೋಡುವುದು

ನೂರರಲ್ಲಿ ಮೂರು ತಟ್ಟೆ ಕೆಟ್ಟದ್ದು ಎಂದುಕೊಳ್ಳಿ. ಏನೂ ನೋಡದೆ ಎಲ್ಲವೂ ಒಳ್ಳೆಯದು ಎನ್ನುವ ಯಂತ್ರಕ್ಕೂ ನೂರಕ್ಕೆ 97 ಅಂಕ. ಹಾಗಾಗಿ ಪ್ರಾಜೆಕ್ಟ್ ವರದಿಯ ಅಕ್ಯುರಸಿ ಓದಬೇಡಿ. ಎರಡು ಪ್ರಶ್ನೆ ಕೇಳಿ: ಕೆಟ್ಟದ್ದರಲ್ಲಿ ಎಷ್ಟು ತಪ್ಪಿಸಿಕೊಂಡವು, ಒಳ್ಳೆಯದರಲ್ಲಿ ಎಷ್ಟನ್ನು ಸುಮ್ಮನೆ ತಳ್ಳಿತು. ಪ್ರತಿ ದೋಷಕ್ಕೆ ಬೇರೆ ಬೇರೆ ಕೇಳಿ. ಹೊರಗೆ ಕಳಿಸುವ ಮಾಲಿಗೆ ಒಂದು ಬೂಷ್ಟು ದಾಟಿದರೆ ಕಷ್ಟ, ಅಲ್ಲಿ ಹತ್ತು ಒಳ್ಳೆಯದು ಹೋದರೂ ಅಡ್ಡಿಲ್ಲ. ಊರಿನ ಸಮಾರಂಭಕ್ಕೆ ಹೋಗುವ ತಟ್ಟೆಗೆ ಸಣ್ಣ ಮಡಿಕೆ ಇದ್ದರೆ ಯಾರೂ ಕೇಳುವುದಿಲ್ಲ. ಒಂದೇ ಯಂತ್ರಕ್ಕೆ ಎರಡು ಮಿತಿ ಇಟ್ಟುಕೊಳ್ಳಬಹುದು. ನಡುವಿನ ಅನುಮಾನದ ತಟ್ಟೆಗಳನ್ನು ಮನುಷ್ಯರಿಗೇ ಬಿಡಿ. ನೋಡಬೇಕಾದ ತಟ್ಟೆ ಕಡಿಮೆ ಆದರೆ ಕಣ್ಣೂ ಸಂಜೆವರೆಗೆ ಬಾಳುತ್ತದೆ.

ಹಾಳೆ ಅಲ್ಲದೆ ಬೇರೆ ಮಾಲಾದರೆ

ಚಾಲಿ ಅಡಿಕೆಗೆ, ಅಂದರೆ ಬೇಯಿಸದೆ ಬಿಸಿಲಲ್ಲಿ ಒಣಗಿಸಿದ್ದಕ್ಕೆ, ದಿಕ್ಕಿನ ಲೆಕ್ಕ ಬೇಡ, ಅದು ದುಂಡು. ಎತ್ತ ತಿರುಗಿದರೂ ನಡೆಯುವ 10 ಅಂಕಿಯ ಎಲ್‌ಬಿಪಿ ಅಲ್ಲಿ ಸರಿಹೊಂದುತ್ತದೆ. ಆದರೆ ಒಂದು ಬದಿ ನೋಡಿ ತೀರ್ಪು ಹೇಳುವಂತಿಲ್ಲ, ಅಡಿಕೆಯನ್ನು ಉರುಳಿಸಿ ಮೂರ್ನಾಲ್ಕು ಚಿತ್ರ ತೆಗೆಯಬೇಕು. ರಾಶಿ ಅಡಿಕೆಗೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಗೆ, ತೊಂದರೆ ಹೊಳಪು. ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹತ್ತಿದ ಅಡಿಕೆ ಮೇಲೆ ಬಲ್ಬಿನ ಬಿಂಬ ಬಿದ್ದು ಬಿಳಿ ಚುಕ್ಕಿ ಕಾಣುತ್ತದೆ, ಯಂತ್ರ ಅದನ್ನೇ ದೋಷ ಎನ್ನುತ್ತದೆ. ಬೆಳಕಿಗೊಂದು, ಲೆನ್ಸಿಗೊಂದು ಪೋಲರೈಜರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ, ಒಂದಕ್ಕೊಂದು ಅಡ್ಡ ತಿರುಗಿಸಿದರೆ ಹೊಳಪು ಸತ್ತು ಮೇಲ್ಮೈ ಉಳಿಯುತ್ತದೆ. ಸುಟ್ಟ ಮಣ್ಣಿನ ಹಂಚಿಗೆ ನಾಲ್ಕು ದಿಕ್ಕು ಸರಾಸರಿ ಮಾಡಿದ ಜಿಎಲ್‌ಸಿಎಂ ಮತ್ತು ಓರೆ ಬೆಳಕು ಸಾಕು. ಕಾರವಾರದ ಕಡೆ ಉಪ್ಪುಗಾಳಿಗೆ ಪೇಂಟಿನ ಅಡಿ ತುಕ್ಕು ಹಿಡಿದು ಉಬ್ಬುವ ಕಬ್ಬಿಣಕ್ಕೆ ಬಣ್ಣ ನೋಡಿ ಪ್ರಯೋಜನ ಇಲ್ಲ, ಮೇಲೆ ಪೇಂಟ್ ಹಾಗೇ ಇರುತ್ತದೆ. ಅಲ್ಲಿ ಮೂರ್ನಾಲ್ಕು ದಿಕ್ಕಿನಿಂದ ಒಂದೊಂದೇ ಬೆಳಕು ಬಿಟ್ಟು, ಆ ಚಿತ್ರಗಳಿಂದ ಮೇಲ್ಮೈಯ ಏರಿಳಿತ ಲೆಕ್ಕ ಹಾಕುವ ಫೋಟೊಮೆಟ್ರಿಕ್ ಸ್ಟೀರಿಯೊ ನೋಡಿ. 1980ರಿಂದ ಇರುವ ವಿಧಾನ, ಕ್ಯಾಮೆರಾ ಒಂದೇ ಸಾಕು. ಕ್ಯಾಮೆರಾ ಮಾತ್ರ ಅಲ್ಲಾಡಬಾರದು.